ಮುಟ್ಟೋ ಟೀವಿ ಬಂದ ಆಷಾಢ

ಹೋದ ತಿಂಗಳು ತಿ. ನರಸೀಪುರದಲ್ಲಿ ಒಂದು ನಾಮಕರಣದ ವಿಡಿಯೋ ಮುಗಿಸಿಕೊಂಡು ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆ. ಇದ್ದಕ್ಕಿದ್ದಂತೆ ಮಳೆ ಹಿಡಿದುಕೊಂಡಿತು. ನಾನು ನೆನೆದರೆ ನೆಗಡಿ, ಕ್ಯಾಮೆರಾ ನೆನೆದರೆ ಸಂಸಾರಕ್ಕೇ ಕುತ್ತು. ಚೀಲವನ್ನು ಎದೆಗವಚಿಕೊಂಡು ಎದುರಿಗಿದ್ದ ಕಬ್ಬಿನ ಹಾಲಿನ ಗಾಡಿಯ ಚಾವಣಿಯಡಿ ನುಗ್ಗಿದೆ. ಚಾವಣಿ ಅಂದರೆ ನಾಲ್ಕು ಗಳುವಿಗೆ ಬಿಗಿದ ಹಳೆಯ ಫ್ಲೆಕ್ಸು, ಬರಹದ ಮಗ್ಗುಲು ಕೆಳಕ್ಕೆ. ನೀರು ತುಂಬಿ ಹೊಟ್ಟೆ ಬಿಟ್ಟಿದ್ದ ಅದನ್ನು ಗಾಡಿಯವನು ಕಬ್ಬಿನ ಜಲ್ಲೆಯಿಂದ ತಿವಿದು ತಿವಿದು ಎತ್ತುತ್ತಿದ್ದ. ಅವನು ತಿವಿಯುತ್ತಿದ್ದುದು ಒಬ್ಬ ಹೆಂಗಸಿನ ಕೆನ್ನೆಗೆ.

ತಲೆಯೆತ್ತಿ ಸರಿಯಾಗಿ ನೋಡಿದೆ. ಒಂದು ಕಿವಿಯೋಲೆ, ಮೂಗುಬೊಟ್ಟು, ಮುಂದಕ್ಕೆ ಚಾಚಿದ ತೋರುಬೆರಳು. ಬೆರಳಿನ ತುದಿ ಕಪ್ಪು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಓದು ಬರಹ ಬಾರದ ಮಾದೇವಮ್ಮನಿಗೂ ಸಲೀಸು'. ನಾನು ನೋಡುವುದನ್ನು ನೋಡಿ ಗಾಡಿಯವನು ಹೇಳಿದ:

“ಮುಟ್ಟೋ ಟೀವಿ ಆಪೀಸು ಇತ್ತಲ್ಲ ಸಾ, ಅದ್ನ ಮುಚ್ದಾಗ ಬಿಸಾಕಿದ್ರು, ತಕ್ಕಂಡ್ ಬಂದೆ. ಯಾರೋ ಎಬ್ಬೆಟ್ಟು ಎಂಗ್ಸು. ಮಳೆಗೆ ಮಾತ್ರ ಗಟ್ಟಿ ಅವ್ಳೆ.”

ಆ ಫೋಟೋ ತೆಗೆದವನು ನಾನೇ. ಮಾದೇವಿ ಎಸ್ಸೆಸ್ಸೆಲ್ಸಿ ಪಾಸಾದವಳು, ಸೆಕೆಂಡ್ ಕ್ಲಾಸು. ಅದನ್ನು ಗಾಡಿಯವನಿಗೆ ಹೇಳಲಿಲ್ಲ. ಹೇಳಿದರೆ ಚಾವಣಿ ಸೋರುವುದೇನೂ ನಿಲ್ಲುತ್ತಿರಲಿಲ್ಲ. ಆ ಆಫೀಸು ನರಸೀಪುರದಲ್ಲಿ ತೆರೆದು ಎರಡು ವರ್ಷ ತುಂಬುವ ಮೊದಲೇ ಮುಚ್ಚಿತು. ಅಂಥ ಇನ್ನೊಂದು ಆಫೀಸು ನಮ್ಮ ಕಡೆ ಎಲ್ಲೂ ತೆರೆಯಲಿಲ್ಲ. ಬಸ್ಸು ಬರುವ ತನಕ ಆ ಕಪ್ಪು ಬೆರಳಿನ ಕೆಳಗೆ ನಿಂತು ಕಬ್ಬಿನ ಹಾಲು ಕುಡಿದೆ.

ನಮ್ಮ ಕಡೆ ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ಮದುವೆಯಿಲ್ಲವೆಂದರೆ ವಿಡಿಯೋ ಹಿಡಿಯುವ ನನಗೆ ಕೆಲಸವಿಲ್ಲ, ಛತ್ರಕ್ಕೆ ಬಾಡಿಗೆಯಿಲ್ಲ, ಸಂಬಂಧ ಕೂಡಿಸುವ ನಂಜುಂಡಸ್ವಾಮಿಗೆ ಕರೆದು ಕಾಫಿ ಕೊಡುವವರೂ ಇಲ್ಲ. ಐದಾರು ವರ್ಷದ ಹಿಂದೆ ಅಂಥದೊಂದು ಆಷಾಢದಲ್ಲಿ, ನಂಜನಗೂಡಿನ ನನ್ನ ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತಾ ಕೂತಿದ್ದಾಗ ಸ್ವಾಮಿ ಛತ್ರಿ ಮಡಚುತ್ತಾ ಒಳಗೆ ಬಂದ. ಮೇಲೆ ಡ್ಯಾಮಿನಿಂದ ನೀರು ಬಿಟ್ಟು ಕಪಿಲಾ ನದಿ ಸೋಪಾನಕಟ್ಟೆಯ ಮೆಟ್ಟಿಲುಗಳನ್ನೆಲ್ಲ ನುಂಗಿಕೊಂಡಿದ್ದ ದಿನಗಳು. ಊರಿಗೆ ಊರೇ ಹೊಳೆ ನೋಡಲು ಹೋಗಿತ್ತು.

“ಲೇ ಶಿವು, ಕ್ಯಾಮ್ರಾ ಎತ್ಕಳ್ಲಾ. ಬೆಂಗ್ಳೂರ್ನೋರು ಬಂದು ಛತ್ರ ಹಿಡ್ದವ್ರೆ.”

“ಆಷಾಢ್ದಲ್ಲಿ ಯಾರ ಮದ್ವೆ ಸ್ವಾಮಣ್ಣ?”

“ಮದ್ವೆ ಅಲ್ಲ ಕಣ್ಲಾ. ಒಂದು ಮಿಸನ್ ತಂದವ್ರೆ. ಅದ್ರ ಮುಂದೆ ನಮ್ ಜನಾವ ಕೂರ್ಸಿ, ಯಾರ್ಗೆ ಬತ್ತದೆ, ಯಾರ್ಗೆ ಬರಕಿಲ್ಲ ಅಂತ ನೋಡ್ತಾರಂತೆ. ಇಂತಾ ವಯಸ್ಸು, ಇಷ್ಟು ಓದು, ಇಂತಾ ಊರು ಅಂತ ಕೇಳ್ತಾವ್ರೆ. ಗಂಡು ಎಣ್ಣು ಉಡುಕ್ದಂಗೇಯ. ಜನಾನ ಒದುಗ್ಸೋದು ನಾನು, ಈಡಿಯೋ ನೀನು.”

ಮಿಷಿನ್ನು ಎಂದರೆ ಒಂದಾಳು ಎತ್ತರದ ಕಬ್ಬಿಣದ ಪೆಟ್ಟಿಗೆ. ಎದೆಯ ಮಟ್ಟದಲ್ಲಿ ಟೀವಿಯ ಹಾಗೆ ಗಾಜು. ಗಾಜನ್ನು ಬೆರಳಿನಿಂದ ಮುಟ್ಟಿದರೆ ಬೆಲ್ಲದ ರೇಟು, ಪಹಣಿ, ಪರೀಕ್ಷೆಯ ರಿಸಲ್ಟು, ಪಿಂಚಣಿಯ ಅರ್ಜಿ ಎಲ್ಲವೂ ಬರುತ್ತದೆ ಎಂದು ಅವರ ಮಾತು. ಜನ ಅದಕ್ಕೆ ಮೊದಲ ದಿನವೇ ಮುಟ್ಟೋ ಟೀವಿ ಎಂದು ಹೆಸರಿಟ್ಟರು. ಬೆಂಗಳೂರಿನ ಒಂದು ಕಂಪನಿ ಅದನ್ನು ಸರ್ಕಾರಕ್ಕೆ ಮಾರಬೇಕೆಂದಿತ್ತು. ಮಾರುವ ಮೊದಲು ಹಳ್ಳಿಯ ಜನ ಎಲ್ಲೆಲ್ಲಿ ತಡವರಿಸುತ್ತಾರೆ ಎಂದು ನೋಡಿ, ಅಲ್ಲಲ್ಲಿ ಸರಿಮಾಡಿ, ಮತ್ತೆ ನೋಡುವುದು ಅವರ ಕೆಲಸ.

ಅದರ ಉಸ್ತುವಾರಿ ಮಾಲಿನಿ ಮೇಡಂ ಎಂಬ ಹುಡುಗಿಯದು. ಅಷ್ಟು ಮೆತ್ತಗೆ ಮಾತಾಡುವವರನ್ನು ನಾನು ಆಮೇಲೆ ಕಂಡಿಲ್ಲ. ಪೆಟ್ಟಿಗೆಯನ್ನು ವಧುವಿನ ಕೋಣೆಯಲ್ಲಿ ಇಡಿಸಿದರು. ನನ್ನ ಕ್ಯಾಮೆರಾ ಒಂದು ಮೂಲೆಯಲ್ಲಿ. ಅದರಿಂದ ಒಂದು ವೈರು ಹೊರಟು ಹಜಾರ ದಾಟಿ ವರನ ಕೋಣೆಯ ಟೀವಿಗೆ ಹೋಗುತ್ತಿತ್ತು. ಅಲ್ಲಿ ಮಿಷಿನ್ನು ಮಾಡಿದ ಇಂಜಿನಿಯರುಗಳು ಮಂಚದ ಮೇಲೆ ಕಾಲು ಚಾಚಿ, ನಮ್ಮೂರಿನ ರಸಬಾಳೆ ಸುಲಿಯುತ್ತಾ ಕೂತು ನೋಡುತ್ತಿದ್ದರು. ಹೆಣ್ಣಿನ ಕೋಣೆಯಲ್ಲಿ ಏನಾಗುತ್ತಿದೆ ಎಂದು ಗಂಡಿನ ಕೋಣೆಯವರಿಗೆ ಇಷ್ಟು ಸ್ಪಷ್ಟವಾಗಿ ಕಂಡದ್ದು ಆ ಛತ್ರದ ಚರಿತ್ರೆಯಲ್ಲಿ ಅದೇ ಮೊದಲು.

ಕೆಲಸಕ್ಕೆ ಕಟ್ಟುನಿಟ್ಟಾದ ಪದ್ಧತಿಯಿತ್ತು. ಬಂದವರನ್ನು ಕೂರಿಸಿ ಮೇಡಂ ಮೊದಲು ಹೇಳಬೇಕು: “ಪರೀಕ್ಷೆ ನಿಮಗಲ್ಲ, ಮಿಷಿನ್ನಿಗೆ. ನೀವು ತಪ್ಪು ಮಾಡೋಕೆ ಸಾಧ್ಯವೇ ಇಲ್ಲ.” ಬಂದವರು ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಇರಬೇಕು. ಎಷ್ಟೇ ಒದ್ದಾಡಿದರೂ ಯಾರೂ ಹೇಳಿಕೊಡಕೂಡದು. ಏನಾದರೂ ಕೇಳಿದರೆ ಮೇಡಂ ಉತ್ತರ ಕೊಡದೆ, ಅದೇ ಮೆತ್ತನೆಯ ದನಿಯಲ್ಲಿ, “ನಿಮಗೆ ಏನನ್ನಿಸುತ್ತೆ?” ಎಂದು ತಿರುಗಿ ಕೇಳಬೇಕು.

ಹುಲ್ಲಹಳ್ಳಿಯಿಂದ ಕಬ್ಬು ಬೆಳೆಯುವ ಒಬ್ಬ ಯಜಮಾನರು ಬಂದಿದ್ದರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬೆಲ್ಲದ ರೇಟು ಹುಡುಕಲು ಕೂತರು. ಬೆರಳು ಎತ್ತಿದರು, ಇಳಿಸಿದರು.

“ಒತ್ಲಾ ತಾಯಿ?”

“ನಿಮಗೆ ಏನನ್ನಿಸುತ್ತೆ?” ಎಂದರು ಮೇಡಂ.

“ನಂಗನ್ಸಿ ಏನಾಗ್ಬೇಕು, ನಿಮ್ ಸಾಮಾನು. ಒತ್ಲೋ ಬ್ಯಾಡ್ವೋ ಏಳಿ.”

“ನೀವು ಒಬ್ಬರೇ ಇದ್ದಿದ್ರೆ ಏನ್ಮಾಡ್ತಿದ್ರಿ?”

“ಒಬ್ನೇ ಇದ್ದಿದ್ರೆ ಇದ್ರ ಮುಂದ್ಯಾಕ್ ಕೂತ್ಕತಿದ್ದೆ? ಉಂಡು ಮನಿಕತಿದ್ದೆ.”

ವರನ ಕೋಣೆಯಿಂದ ನಗು ಹಜಾರ ದಾಟಿ ಬಂತು. ಯಜಮಾನರಿಗೂ ಕೇಳಿಸಿತು. ಅವರ ಕತ್ತಿನ ಮೇಲೆ ಬೆವರು ಇಳಿಯುವುದು ನನಗೆ ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಪೇಲಾದ್ನಾ ಮಗಾ?” ಎಂದು ಕೇಳಿದರು. ಪರೀಕ್ಷೆ ನಿಮಗಲ್ಲ ಯಜಮಾನ್ರೇ, ಮಿಷಿನ್ನಿಗೆ ಅಂದೆ. “ಅಂಗಾರೆ ಅದ್ಯಾಕ್ ಬೆವರ್ನಿಲ್ಲ?” ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಎಡವುವವರು ಸಿಕ್ಕಿದಷ್ಟೂ ಮೇಡಂಗೆ ಸಂತೋಷ. ಎಡವಿದರೆ ತಾನೇ ಎಲ್ಲಿ ಸರಿಮಾಡಬೇಕು ಅಂತ ಗೊತ್ತಾಗುವುದು. ಮಾರ್ಕೆಟ್ಟಿನ ಅಂಗಡಿ ಹುಡುಗರು, ಕಾಲೇಜಿನವರು ಸರಸರ ಒತ್ತಿ ಮುಗಿಸಿದರೆ ಅವರ ಮುಖ ಬಾಡುತ್ತಿತ್ತು. ಓದು ಬಾರದ ಹಳ್ಳಿಯ ಹೆಂಗಸರು ಬೇಕು, ಅವರಿಲ್ಲದೆ ಈ ಕೆಲಸಕ್ಕೆ ಅರ್ಥವೇ ಇಲ್ಲ ಎಂದು ಸ್ವಾಮಿಯ ಹಿಂದೆ ಬಿದ್ದರು. ಅದು ಗದ್ದೆ ನಾಟಿಯ ಕಾಲ. ನಾಲೆಯ ಕಡೆಯ ಹೆಂಗಸರೆಲ್ಲ ಮೊಣಕಾಲುದ್ದ ಕೆಸರಿನಲ್ಲಿದ್ದರು. ಛತ್ರದಲ್ಲಿ ಕೂತು ಗಾಜು ಮುಟ್ಟಲು ಯಾವಳು ಬರುತ್ತಾಳೆ? ಆದರೆ ಇಲ್ಲದ ವರನನ್ನೂ ಹುಟ್ಟಿಸಿ ತಂದವನು ಸ್ವಾಮಿ. ಮಾರನೆಯ ದಿನವೇ ತನ್ನ ಬೀದಿಯಿಂದ ಒಬ್ಬಳನ್ನು ಕರೆತಂದು ಮೇಡಂ ಮುಂದೆ ನಿಲ್ಲಿಸಿದ. “ಮಾದೇವಿ ಅಂತ. ಕಳಲೆ ಎಣ್ಮಗ್ಳು. ಅಕ್ಷರ ಅಂದ್ರೆ ಇರುವೆ ಸಾಲು ಇವ್ಳಿಗೆ.”

ಇಪ್ಪತ್ತೇಳು ಇಪ್ಪತ್ತೆಂಟರ ಹೆಂಗಸು. ಮನೆಯಲ್ಲಿ ಅಗರಬತ್ತಿ ಹೊಸೆಯುವವಳು. ಮೈಯೆಲ್ಲ ಅಗರಬತ್ತಿಯ ಘಮಲು, ಬೆರಳ ತುದಿಗಳೆಲ್ಲ ಇದ್ದಿಲು ಹಿಟ್ಟಿನ ಕಪ್ಪು. ಆ ಬೆರಳು ಕಂಡದ್ದೇ ಮೇಡಂ ನನ್ನನ್ನು ಕರೆದು ಫೋಟೋ ತೆಗೆಸಿದರು.

“ನಿಮ್ಮ ಅತ್ತೆಯವರಿಗೆ ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು ಅಂದ್ಕೊಳ್ಳಿ. ಹಾಕಿ ನೋಡೋಣ,” ಎಂದರು ಮೇಡಂ.

“ಮಾವೋರು ಇನ್ನೂ ಗಟ್ಟಿಮುಟ್ಟಾಗವ್ರೆ ಮೇಡಮ್ಮೋರೇ.”

ವರನ ಕೋಣೆ ಆಗಲೇ ಎದ್ದು ಕೂತಿತು. ಮಾದೇವಿ ಮಿಷಿನ್ನಿಗೆ ಕೈಮುಗಿದು ಸುಮ್ಮನೆ ನಿಂತಳು. ಏನು ಮಾಡ್ತಿದೀರಿ ಎಂದು ಕೇಳಿದರೆ, “ಅದೇ ಮಾತಾಡ್ಲಿ ಅಂತ ಕಾಯ್ತಾ ಇವ್ನಿ” ಎಂದಳು. ಒಳಗೆ ಯಾರಾದರೂ ಇದ್ದಾರೋ ಎಂದು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದಳು. ಕಾದ ಕಾವಲಿ ಮುಟ್ಟಿದ ಹಾಗೆ ಗಾಜನ್ನು ಮುಟ್ಟಿ ಕೈ ಸೆಳೆದುಕೊಂಡಳು. ಗಾಜಿನ ಮೇಲೆ ಕಪ್ಪು ಗುರುತು ಬಿತ್ತು. ಅಯ್ಯೋ ಎಂದು ಸೆರಗಿನಿಂದ ಒರೆಸಿದರೆ, ಒರೆಸಿದ ರಭಸಕ್ಕೆ ಮಿಷಿನ್ನಿನಲ್ಲಿ ಪುಟದ ಮೇಲೆ ಪುಟ ತೆರೆದುಕೊಂಡಿತು. ಗಂಡಿನ ಕಡೆಯವರು ನಗುತ್ತಾ ಮಂಚ ಗುದ್ದುವುದು ನಮಗೆ ಕೇಳುತ್ತಿತ್ತು. ಮಾಲಿನಿ ಮೇಡಂ ಮಾತ್ರ ನಗಲಿಲ್ಲ. ಅವರ ಕಣ್ಣು ಹೊಳೆಯುತ್ತಿತ್ತು.

ನಾನು ಮದುವೆ ವಿಡಿಯೋದವನು. ಜನ ಕ್ಯಾಮೆರಾ ಮುಂದೆ ಅಳುವುದರಲ್ಲಿ ಎಷ್ಟು ನಿಜ, ಎಷ್ಟು ನಾಟಕ ಎಂದು ನೋಡಿ ನೋಡಿ ನುರಿತವನು. ಮಾದೇವಿಯ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡಾಗ ನನಗೆ ಅವಳ ಕಣ್ಣು ಕಂಡಿತು. ಗಾಜಿನ ಮೇಲಿನ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ, ಕೆಳಗಿನ ಸಾಲಿನ ಮೊದಲಿಗೆ ಸರಿಯಾಗಿ ಬಂದು ನಿಂತಿತು. ಅಕ್ಷರ ಬಾರದವರ ಕಣ್ಣು ಹಾಗೆ ಓಡುವುದಿಲ್ಲ, ಚಿತ್ರ ಹುಡುಕುತ್ತಾ ಅಲ್ಲಿ ಇಲ್ಲಿ ಬಿದ್ದಿರುತ್ತದೆ. ವರನ ಕೋಣೆಯವರೂ ಅದೇ ಟೀವಿ ನೋಡುತ್ತಿದ್ದರು. ಅವರು ನೋಡಿದ್ದು ಬೆರಳನ್ನು.

ಆಮೇಲೆ ಛತ್ರದ ಹಿಂದೆ, ಊಟದ ಮನೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ನನ್ನನ್ನು ಕಂಡು, “ಸರ್ಯಾಗ್ ಬಂತಾ ಅಣ್ಣ?” ಎಂದಳು. ಮದುವೆಯಲ್ಲಿ ಎಲ್ಲರೂ ನನ್ನನ್ನು ಕೇಳುವುದು ಅದನ್ನೇ.

“ಚೆನ್ನಾಗಿ ಬಂತು. ನೀನು ಓದ್ತಾ ಇದ್ದದ್ದೂ ಬಂತು. ಎಷ್ಟನೇ ಕ್ಲಾಸು?”

ಅವಳು ಗಾಬರಿಯಾಗಲಿಲ್ಲ. ಕೈಯ ನೀರು ಕೊಡವಿಕೊಂಡು, ದನಿ ತಗ್ಗಿಸಿ, ಹೇಳಿಕೊಳ್ಳಲು ಒಬ್ಬರು ಸಿಕ್ಕಿದರೆಂಬ ಸಂತೋಷದಲ್ಲೇ ಹೇಳಿದಳು: “ಎಸ್ಸೆಸ್ಸೆಲ್ಸಿ ಪಾಸು, ಸೆಕೆಂಡ್ ಕ್ಲಾಸು. ಮನೇಲಿ ಏಳ್ಬೇಡ ಅಣ್ಣ, ಅಲ್ಲಿ ನಾನು ಏಳ್ನೇ ಕ್ಲಾಸು.”

“ಅದ್ಯಾಕೆ?”

“ನಮ್ಮನೆಯವ್ರು ಎಸ್ಸೆಸ್ಸೆಲ್ಸಿ ಪೇಲು. ನಾನು ಪಾಸು ಅಂದಿದ್ರೆ ಆ ಸಂಬಂದ ನಿಲ್ತಿತ್ತಾ? ಸ್ವಾಮಣ್ಣೋರೇ ಏಳ್ನೇ ಕ್ಲಾಸು ಅಂತ ಏಳಿ ಕೂಡಿಸ್ದೋರು. ಎಣ್ ನೋಡಕ್ ಬಂದೋರ್ ಮುಂದೆ ಗೊತ್ತಿರೋದ್ನೆಲ್ಲ ತೋರಿಸ್ಕತಾರಾ ಅಣ್ಣ? ಮೊದ್ಲು ಒಪ್ಪುಸ್ಕಬೇಕು. ಈಗ್ಲೂ ಸ್ವಾಮಣ್ಣೋರೇ ಏಳವ್ರೆ, ಏನೂ ಬರಕಿಲ್ಲ ಅನ್ನು, ಅವ್ರಿಗೆ ಅಂತೋರೇ ಇಷ್ಟ ಅಂತ. ಮುಂದೆ ಈ ಮಿಸನ್ದು ಒಂದು ಆಪೀಸು ಮಾಡ್ತಾರಂತೆ. ಅದ್ರಾಗೆ ಕೂರಕ್ಕೆ ಒಂದು ಎಂಗ್ಸು ಬೇಕಂತೆ. ಇವ್ರ ಮನ್ಸಿಗೆ ಬಂದೋರ್ನೇ ತಕ್ಕತಾರಂತೆ.”

ಮಣೆಯ ಮುಂದೆ ನೆಲದಲ್ಲಿ ಕೂತು ಬತ್ತಿ ಹೊಸೆದೂ ಹೊಸೆದೂ ಸೊಂಟ ಹೋಗಿದೆ ಎಂದಳು. ಓದಿದ್ದಕ್ಕೆ ಒಂದು ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿದರೆ ಸಾಕು, ಆಮೇಲೆ ಗಂಡನಿಗೂ ನಿಜ ಹೇಳಬಹುದು ಎಂದು ಅವಳ ಲೆಕ್ಕ. ಕೇಳಿ ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ಚುರುಕಾದವಳಿಗೆ ಇದು ಹೆಣ್ಣು ನೋಡುವ ಶಾಸ್ತ್ರವಲ್ಲ ಎಂದು ಹೊಳೆಯಬೇಡವೇ? ಆದರೆ ಬಾಗಿಲ ಮೇಲೆ ವಧುವಿನ ಕೋಣೆ ಎಂದು ಬರೆದಿತ್ತು. ಕರೆತಂದವನು ಮದುವೆ ದಲ್ಲಾಳಿ. ಒಳಗೆ ಕೂತು ನೋಡುವವರಿಗೆ ಇವಳನ್ನು ಒಪ್ಪುವ ಬಿಡುವ ಅಧಿಕಾರವಿತ್ತು. ಅವಳದೇನು ತಪ್ಪು?

ಸಂಜೆ ಟೇಪನ್ನು ಮತ್ತೆ ಹಾಕಲು ಹೇಳಿದರು. ಸೆರಗಿನಲ್ಲಿ ಒರೆಸುವ ಜಾಗ ಬಂದಾಗಲೆಲ್ಲ ಒಬ್ಬ ಇಂಜಿನಿಯರು, “ರಿವೈಂಡ್, ರಿವೈಂಡ್” ಎನ್ನುವನು. ಅವಳು ಕೈಮುಗಿಯುವುದು, ಕೈ ಬಿಡುವುದು, ಮತ್ತೆ ಕೈಮುಗಿಯುವುದು. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ಮಾಲಿನಿ ಮೇಡಂ ಮಾತ್ರ, “ನಗಬೇಡಿ. ಇದು ಚಿನ್ನ” ಎಂದರು. ಆ ಚಿನ್ನವನ್ನು ಅವರು ಬೆಂಗಳೂರಿಗೆ ಕಳಿಸಿದ ರಿಪೋರ್ಟಿನ ಮೊದಲ ಪುಟದಲ್ಲೇ ಇಟ್ಟರು. ಪೂರ್ತಿ ಅನಕ್ಷರಸ್ಥ ಗ್ರಾಮೀಣ ಮಹಿಳೆ ಎಂಬ ಸಾಲಿನ ಪಕ್ಕದಲ್ಲಿ ಮಾದೇವಿಯ ಫೋಟೋ. ಹೆಡ್ಡಾಫೀಸಿನವರಿಗೆ ತುಂಬಾ ಹಿಡಿಸಿತಂತೆ. ಆಮೇಲೆ ಆಷಾಢ ಮುಗಿಯುವತನಕ ಅವಳನ್ನು ಆಗಾಗ ಕರೆಸಿದರು. ಅವಳೂ ಬಂದು, ಬಾರಿ ಬಾರಿಗೂ ಹೊಸದಾಗಿ ಎಡವಿ, ಹೋಗುವಾಗ ನನ್ನನ್ನು ಸರಿಯಾಗಿ ಬಂತಾ ಎಂದು ಕೇಳುವಳು.

ಶ್ರಾವಣ ಹುಟ್ಟುವ ಹೊತ್ತಿಗೆ ಸುದ್ದಿ ಬಂತು. ಮೊದಲ ಸೆಂಟರು ತಿ. ನರಸೀಪುರದಲ್ಲಿ. ಜನರಿಗೆ ಸಹಾಯ ಮಾಡಲು ಕೌಂಟರಿನಲ್ಲಿ ಒಬ್ಬ ಹೆಂಗಸು ಬೇಕು, ಎಸ್ಸೆಸ್ಸೆಲ್ಸಿ ಆಗಿರಬೇಕು. ಅದನ್ನು ಕೇಳಿದ ಮಾರನೆಯ ಬೆಳಗ್ಗೆಯೇ ಮಾದೇವಿ ಛತ್ರಕ್ಕೆ ಬಂದಳು. ಇಸ್ತ್ರಿ ಮಾಡಿದ ಸೀರೆ, ತೋಳಿಗೆ ಪೂರ್ತಿ ಬರುವ ರವಿಕೆ. ಬೆರಳುಗಳನ್ನು ನಿಂಬೆಹೋಳಿನಿಂದ ತಿಕ್ಕಿ ತಿಕ್ಕಿ ಕಪ್ಪೆಲ್ಲ ತೆಗೆದಿದ್ದಳು. ಆ ಬೆರಳಿನ ನಿಜವಾದ ಬಣ್ಣ ನಾನು ನೋಡಿದ್ದು ಅವತ್ತೇ. ನಂಜನಗೂಡಿನಿಂದ ನರಸೀಪುರಕ್ಕೆ ಬೆಳಗಿನ ಬಸ್ಸು ಯಾವಾಗ ಎಂದು ಕೇಳಿಕೊಂಡು, ಒಂದು ಟಿಫನ್ ಕ್ಯಾರಿಯರನ್ನೂ ಕೊಂಡಿದ್ದಳು.

“ಮೇಡಮ್ಮೋರೇ, ಆ ಕೆಲ್ಸ ನಂಗೆ ಕೊಡಿ. ನಾನು ಎಸ್ಸೆಸ್ಸೆಲ್ಸಿ ಪಾಸು.”

ಮೇಡಂ ನಗುತ್ತಾ ಅವಳ ಭುಜ ಸವರಿ, “ನೀವು ಓದು ಬಾರದವರು ಅಂತ ರಿಪೋರ್ಟು ಆಗಲೇ ಬೆಂಗಳೂರಿಗೆ ಹೋಗಿದೆಯಲ್ಲ ಮಾದೇವಮ್ಮ” ಎಂದರು. ನರಸೀಪುರದ ಆ ಕುರ್ಚಿಗೆ ಬೇರೆ ಯಾರೋ ಬಂದರು, ಮಾದೇವಿಯದು ಅಂತ ಅಲ್ಲಿಗೆ ಹೋದದ್ದು ಫ್ಲೆಕ್ಸಿನ ಮೇಲಿನ ಆ ಕಪ್ಪು ಬೆರಳು ಮಾತ್ರ.